ಆತ್ತಾ ಎಂದರೆ ಅವ್ವ

ಕೊಳ್ಳೇಗಾಲದಿಂದ ನನ್ನನ್ನು ಕೋಯಮತ್ತೂರು ಕಡೆಯ ಅನ್ನೂರಿಗೆ ಕೊಡುವಾಗ, ಅಲ್ಲಿಯೂ ನಮ್ಮ ಜನವೇ, ಮಗ್ಗದವರೇ, ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ನಿನಗೆ ಏನೂ ಕಷ್ಟವಿಲ್ಲ ಎಂದು ಅಪ್ಪ ಸಮಾಧಾನ ಹೇಳಿದ್ದ. ಗಂಡು ಹುಡುಕುವ ಅಪ್ಪಂದಿರ ಮಾತಿನಲ್ಲಿ ಅರ್ಧ ನಿಜ ಇದ್ದರೆ ಅದೇ ಹೆಚ್ಚು. ಜನ ನಮ್ಮವರೇ, ಮಗ್ಗವೂ ನಮ್ಮದೇ. ಕನ್ನಡ ಮಾತ್ರ ತಮಿಳಿನಲ್ಲಿ ರಾತ್ರಿಯೆಲ್ಲ ನೆನೆಹಾಕಿದ ಕನ್ನಡ. ಹೊಸ ಸೊಸೆಯಾಗಿ ಬಂದ ದಿನ ನನ್ನ ಓರಗಿತ್ತಿ ಪಳನಿಯಮ್ಮ ಹತ್ತಿರ ಬಂದು, "ಏನ್ ಕಣ್ಣು, ಪಶಿಯಾ?" ಎಂದಳು. ನನ್ನ ಕಣ್ಣಿಗೆ ಏನಾಗಿದೆಯೋ ಎಂದು ಸೆರಗಿನಲ್ಲಿ ಒರೆಸಿಕೊಂಡೆ. ಕಣ್ಣು ಎಂದರೆ ಈ ಕಡೆ ಮುದ್ದಿನ ಮಾತು, ಪಶಿ ಎಂದರೆ ಹಸಿವು. ಆ ಕಥೆಯನ್ನು ಬೀದಿಯ ನಲ್ಲಿಯ ಹತ್ತಿರ ಹೇಳಿ ಹೇಳಿ ಅವಳು ನನ್ನನ್ನು ಒಂದು ವರ್ಷ ನಗೆಪಾಟಲು ಮಾಡಿದಳು.

ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ಹಿರಿಯ ಸೊಸೆ, ನಾನು ಕಿರಿಯವಳು. ಅತ್ತೆ ತೀರಿಹೋಗಿ ಬಹಳ ಕಾಲವಾಗಿದ್ದರಿಂದ ಮನೆಯ ಯಜಮಾನಿಕೆ ಅವಳದೇ. ಬೆಳಗ್ಗೆ ನೀರು, ಒಲೆ, ಮಕ್ಕಳ ಸ್ಕೂಲು. ಆಮೇಲೆ ಎರಡು ಮಗ್ಗಕ್ಕೆ ಬೇಕಾದಷ್ಟು ನೂಲಿನ ಕಂಡಿಕೆ ಸುತ್ತುವುದು. ರಾಟೆಯ ಮುಂದೆ ಕುಳಿತಳೆಂದರೆ ಅವಳ ಕೈ ಒಂದು ಕಡೆ, ಬಾಯಿ ಒಂದು ಕಡೆ. ಯಾರ ಮನೆಯ ಹುಡುಗಿ ದೊಡ್ಡವಳಾದಳು, ಯಾರು ಪವರ್‌ಲೂಮ್ ಹಾಕಿದರು, ಸಿಂಗಾನಲ್ಲೂರಿನ ಮಿಲ್ಲಿನಲ್ಲಿ ಯಾರಿಗೆ ಕೆಲಸ ಹೋಯಿತು, ಎಲ್ಲವೂ ಅಲ್ಲೇ ತಿಳಿಯುತ್ತಿತ್ತು. ನಮ್ಮ ಬೀದಿಗೆ ರೇಡಿಯೋ ಬೇಕಿರಲಿಲ್ಲ. ಅಷ್ಟು ಸುದ್ದಿ ಹಂಚಿದವಳಿಗೆ ಅವಳ ಸ್ವಂತ ಸುದ್ದಿ ಮಾತ್ರ ತಪ್ಪಾಗಿ ಬಂತು. ಅದನ್ನು ನೆನೆದರೆ ನನಗೆ ಈಗಲೂ ದೇವರ ಮೇಲೆ ಸಿಟ್ಟು ಬರುತ್ತದೆ.

ಅಕ್ಕನ ತವರು ಉಡುಮಲೈಪೇಟೆ. ಅಲ್ಲಿ ಅವಳ ಅವ್ವ ಕಣ್ಣಮ್ಮ ಮತ್ತು ತಮ್ಮ ಗುರುಸಾಮಿ. ಕೋಯಮತ್ತೂರಿಗೆ ಹೋಗಿ, ಬಸ್ ಬದಲಿಸಿ, ಪೊಳ್ಳಾಚಿಯ ಮೇಲೆ ಹೋಗಬೇಕು. ದೂರವೇನಲ್ಲ, ಅರ್ಧ ದಿನದ ದಾರಿ. ಆದರೆ ಮನೆ ಬಿಟ್ಟು ಹೊರಡುವುದಕ್ಕೆ ಅಕ್ಕನಿಗೆ ಯಾವಾಗಲೂ ಏನಾದರೊಂದು ಅಡ್ಡ. ಅವ್ವನೇ ಪೊಂಗಲ್ ಕಳೆದ ಮೇಲೆ ತೆಂಗಿನಕಾಯಿ, ಕಡಲೆಕಾಯಿ ಹೊತ್ತುಕೊಂಡು ಬರುತ್ತಿದ್ದಳು. ಗಟ್ಟಿ ಹೆಂಗಸು, ಕಾಯಿಲೆ ಎಂದು ಮಲಗಿದವಳಲ್ಲ. ಕೊನೆಯ ಸಲ ಬಂದು ಹೊರಡುವಾಗ ಅಕ್ಕನ ಕೈ ಹಿಡಿದುಕೊಂಡು, "ನಾ ಹೋಗೋ ವೇಳೆಗೆ ನೀ ಬಂದ್ಬಿಡ್ಬೇಕು ಪುಳ್ಳೆ. ಬಾಯಿಗೆ ಅಕ್ಕಿ ನೀನೇ ಹಾಕ್ಬೇಕು" ಎಂದಳು. ಪುಳ್ಳೆ ಎಂದರೆ ಮಗಳು. ಇಲ್ಲಿ ಸತ್ತವರ ಬಾಯಿಗೆ ಹತ್ತಿರದವರು ಅಕ್ಕಿ ಹಾಕಿ ಕಳಿಸುತ್ತಾರೆ. ಅದರಲ್ಲಿ ಹೆಣ್ಣುಮಗಳ ಕೈ ಮುಂದೆ. "ಬರ್ದೆ ಎಲ್ಲಿ ಹೋಗ್ತೀನಿ? ಈಗ ಬಸ್ ಹತ್ತು, ಕಂಡಕ್ಟರ್ ಬೈತಾನೆ" ಎಂದು ಅಕ್ಕ ನಕ್ಕು ಕಳಿಸಿದಳು.

ಉಡುಮಲೈಯಲ್ಲಿ ಇನ್ನೊಬ್ಬರಿದ್ದರು. ಅಕ್ಕನ ಅಪ್ಪನ ಅಕ್ಕ, ಅಂದರೆ ಸೋದರತ್ತೆ, ವಳ್ಳಿಯಮ್ಮ. ಅಕ್ಕನನ್ನು ಎತ್ತಿ ಆಡಿಸಿದವಳು, ತಲೆ ಬಾಚಿ ಹೂ ಮುಡಿಸಿದವಳು. ತನ್ನ ಮಗ ಮಯಿಲ್‌ಸಾಮಿಗೆ ಅಕ್ಕನನ್ನೇ ತಂದುಕೊಳ್ಳಬೇಕು ಎಂದು ಬಹಳ ಆಸೆ ಇಟ್ಟುಕೊಂಡಿದ್ದಳು. ಅದು ಅವಳ ಹಕ್ಕೂ ಹೌದು. ಅವ್ವ ಮಾತ್ರ ಒಪ್ಪದೆ ಅನ್ನೂರಿಗೆ ಕೊಟ್ಟಳು. ಮದುವೆಯ ದಿನ ಅತ್ತೆ ಬೀದಿಯಲ್ಲಿ ನಿಂತು, "ನಾ ಸತ್ರೂ ನೀನು ನಿಮ್ಮವ್ವ ನನ್ ವಾಸಲ್ ಮೆಟ್ಬೇಡಿ" ಎಂದು ತನ್ನ ಬಾಗಿಲನ್ನೇ ಮುಚ್ಚಿಬಿಟ್ಟಳಂತೆ. ಅಂದಿನಿಂದ ಹೋಗು-ಬರು ನಿಂತಿತು. ಈ ಜನಕ್ಕೆ ಒಮ್ಮೆ ಹೋಗು-ಬರು ಇಲ್ಲ ಎಂದರೆ ಇಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಒಂದೇ ಊರಿನಲ್ಲಿ ಎರಡು ಬೀದಿಯಾಚೆ ಇದ್ದುಕೊಂಡು ಅತ್ತಿಗೆ ನಾದಿನಿ ಹದಿನೈದು ವರ್ಷ ಮುಖ ನೋಡಲಿಲ್ಲ. ಆ ಅತ್ತೆ ಹಿಂದಿನ ವರ್ಷ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಇವತ್ತೋ ನಾಳೆಯೋ ಎಂದು ನಾವೆಲ್ಲ ಆ ಸುದ್ದಿಯನ್ನೇ ಕಾಯುತ್ತಿದ್ದೆವು.

ಎಂಬತ್ತನಾಲ್ಕನೆಯ ಇಸವಿ, ಚಿತ್ತಿರೈ ತಿಂಗಳು, ಒಂದು ಶುಕ್ರವಾರ. ಬೀದಿಯಲ್ಲಿ ನಮ್ಮ ಪಾವು ಹರಡಿತ್ತು. ನಮ್ಮೂರಿನಲ್ಲಿ ಅದನ್ನು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರುವ ಮೊದಲು ಆ ಉದ್ದನೆಯ ನೂಲಿಗೆಲ್ಲ ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಬಿಸಿಲು ಬಲಿಯುವ ಮುಂಚೆ ಒಣಗಿಸಿ ಸುತ್ತಬೇಕು. ಮನೆಮಂದಿಯೆಲ್ಲ ಬೀದಿಯಲ್ಲೇ. ಮಾವ ಚೆನ್ನಿಯಪ್ಪನ್ ಅಂಚಿನ ಬಣ್ಣದ ನೂಲು ತರಲು ಗೋವಿಂದಸಾಮಿ ಗೌಂಡರ ಅಂಗಡಿಗೆ ಹೋಗಿದ್ದರು. ನಮಗೆ ಯಾರಾದರೂ ಫೋನ್ ಮಾಡಬೇಕಿದ್ದರೆ ಆ ಅಂಗಡಿಗೇ.

ಗುರುಸಾಮಿ ಫೋನ್ ಮಾಡಿದ್ದು ಆಗಲೇ. ಗೌಂಡರು ಕೇಳಿಕೊಂಡು, ಮಾವನ ಕಡೆ ತಿರುಗಿ, "ಉಡುಮಲೈಯಿಲೆ ಆತ್ತಾ ತವರಿಡ್ಚಾಮ್. ಪುಳ್ಳೆಕಿಟ್ಟ ಸೊಲ್ಲಿಡುಂಗೊ" ಎಂದರು. ಉಡುಮಲೈಯಲ್ಲಿ ಆತ್ತಾ ತೀರಿಕೊಂಡಳಂತೆ, ಮಗಳಿಗೆ ಹೇಳಿಬಿಡಿ. ಗೌಂಡರ ತಮಿಳಿನಲ್ಲಿ ಆತ್ತಾ ಎಂದರೆ ಅವ್ವ. ಮಾವನ ಕಿವಿ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಮಂದವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕಿವಿ ಯಾವ ಸುದ್ದಿಗೆ ಕಾದಿರುತ್ತದೋ ಅದನ್ನೇ ಕೇಳುತ್ತದೆ. ಅವರು ಓಡೋಡಿ ಬಂದು ಪಾವಿನ ತುದಿಯಲ್ಲಿ ನಿಂತು ಹೇಳಿದರು:

"ಪಳನೀ, ಉಡುಮಲೈಲಿ ಅತ್ತೆ ಹೋಗ್ಬಿಟ್ಳಂತಮ್ಮ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಯಾರು ಫೋನ್ ಮಾಡಿದ್ದು, ಹೇಗೆ ಹೋದಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಲು ಏನಿತ್ತು? ಕಾದಿದ್ದ ಸುದ್ದಿ ಬಂತು, ಅಷ್ಟೆ. ಅಕ್ಕ ಕೈಯಲ್ಲಿದ್ದ ಕುಂಚವನ್ನು ಒಂದು ಗಳಿಗೆ ನಿಲ್ಲಿಸಿ, "ಪಾವಂ, ಬಹಳ ಅನುಭವಿಸಿದ್ಳು. ಬಿಡುಗಡೆ ಆಯ್ತು" ಎಂದಳು. ಅವಳ ಗಂಡ ಕುಪ್ಪುಸಾಮಿ ಇನ್ನೊಂದು ತುದಿಯಿಂದ, "ಹೋಗ್ತೀಯಾ? ಹೋಗೋದಾದ್ರೆ ಈಗಲೇ ಬಸ್ಸಿದೆ" ಎಂದ.

ಅಕ್ಕ ಗಂಜಿಯ ಕೈಯನ್ನು ನೋಡಿಕೊಂಡಳು. ಅವಳಿಗೆ ಮನಸ್ಸಿತ್ತು, ಅದು ನನಗೆ ಕಂಡಿತು. ಆದರೂ, "ಸತ್ರೂ ಬರ್ಬೇಡ ಅಂದೋಳು ಅವಳೇ ತಾನೆ? ನಾ ಹೋಗಿ ನಿಂತ್ರೆ ಅವ್ವಂಗೆ ಕೋಪ ಬರ್ತದೆ. ಅವ್ವನೇ ಹೋಗಿರಲ್ಲ ಆ ವಾಸಲ್‌ಗೆ. ಬರೋ ವಾರ ಅವ್ವನ್ನ ನೋಡೋಕೆ ಹೋಗ್ತೀನಲ್ಲ, ಆಗ ಕೇಳ್ಕೊಂಡ್ರಾಯ್ತು" ಎಂದಳು. ಪಾವು ಒಣಗಿತು, ಸುತ್ತಿದೆವು. ಕೊಟ್ಟ ಹೆಣ್ಣಿಗೆ ಸೋದರತ್ತೆಯ ಸಾವಿನ ಮೈಲಿಗೆ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಅಕ್ಕ ನೀರು ಹಾಕಿಕೊಂಡು ಬಂದು ಕೂದಲು ಬಿಟ್ಟುಕೊಂಡೇ ರಾಟೆಯ ಮುಂದೆ ಕುಳಿತಳು.

ಮಧ್ಯಾಹ್ನವೆಲ್ಲ ಅವಳ ಬಾಯಲ್ಲಿ ಅತ್ತೆಯ ಕಥೆಗಳೇ. ಅತ್ತೆ ನಶ್ಯ ಸೇದಿ ದೇವಸ್ಥಾನದಲ್ಲಿ ಸೀನಿ ಅರ್ಚಕರ ತಟ್ಟೆಯ ವಿಭೂತಿ ಹಾರಿಸಿದ್ದು. ಟೌನ್ ಬಸ್ಸಿನ ಕಂಡಕ್ಟರ್ ಚಿಲ್ಲರೆಗೆ ಜಗಳ ತೆಗೆದಾಗ ಅತ್ತೆ ಉಸಿರು ಬಿಡದೆ ಕನ್ನಡದಲ್ಲಿ ಬೈದು, ಅವನು ಅದೇನೋ ಮಂತ್ರವೆಂದು ಹೆದರಿ ಟಿಕೆಟ್ಟೇ ಕೇಳದೆ ಮುಂದೆ ಹೋದದ್ದು. ಅಕ್ಕ ಅತ್ತೆಯ ಹಾಗೇ ಮೂಗು ಉಬ್ಬಿಸಿ ತೋರಿಸಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸತ್ತವರನ್ನು ಹಾಗೆ ನೆನೆದು ನಗುವುದರಲ್ಲಿ ತಪ್ಪೇನಿಲ್ಲ. ಪ್ರೀತಿ ಇದ್ದವರೇ ಹಾಗೆ ನಗುವುದು.

ಅದೇ ಹೊತ್ತಿನಲ್ಲಿ ಉಡುಮಲೈಯಲ್ಲಿ ಅವ್ವನನ್ನು ನಡುಮನೆಯಲ್ಲಿ ಮಲಗಿಸಿಕೊಂಡು ಅಕ್ಕನಿಗಾಗಿ ಕಾಯುತ್ತಿದ್ದರು. ಬೆಳಗ್ಗೆ ಕಾಫಿ ಕುಡಿದು ಎದೆ ನೋವು ಎಂದ ಹೆಂಗಸು ಮನೆ ಮುಂದಿನ ತಿಣ್ಣೆಯ ಮೇಲೆ ಒರಗಿ ಹಾಗೇ ಹೋಗಿಬಿಟ್ಟಿದ್ದಳು. ಕೋಯಮತ್ತೂರಿನ ಬಸ್ ಬಂದಾಗಲೆಲ್ಲ ಗುರುಸಾಮಿ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದನಂತೆ. ರಾತ್ರಿ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಮಾರನೆಯ ದಿನ ಶನಿವಾರ, ಶನಿಯ ಹೆಣ ಜೊತೆ ಹುಡುಕುತ್ತದೆ ಎಂದು ಈ ಕಡೆ ನಂಬಿಕೆ. ಶನಿವಾರವೇ ಎತ್ತಬೇಕಾದರೆ ಹೆಣದ ಜೊತೆ ಒಂದು ಕೋಳಿ ಕಟ್ಟಿ ಕಳಿಸುತ್ತಾರೆ. ಕೋಳಿ ಕಟ್ಟಿ, ಮಗಳು ಬರೋವರೆಗೂ ಇಡಿ ಎಂದು ಹಟ ಹಿಡಿದವಳು ಒಬ್ಬಳೇ, ವಳ್ಳಿಯಮ್ಮತ್ತೆ. ಹದಿನೈದು ವರ್ಷದ ಮೇಲೆ ತನ್ನ ಹಗ್ಗದ ಮಂಚವನ್ನು ನಾಲ್ಕು ಜನರಿಂದ ಹೊರಿಸಿಕೊಂಡು ಬಂದು ತಮ್ಮನ ಹೆಂಡತಿಯ ಪಕ್ಕದಲ್ಲಿ ಇಳಿದಿದ್ದಳು. ಹಿರಿಯರು ಅವಳ ಮಾತು ಕೇಳಲಿಲ್ಲ. ಹೊತ್ತು ಮುಳುಗುವ ಮುಂಚೆ ಎತ್ತಿದರು.

ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬೆವರಿದ ಅಂಗಿ, ಹೆಗಲ ಮೇಲೆ ಟವೆಲು. ಮಯಿಲ್‌ಸಾಮಿ ಎಂದು ಅಕ್ಕನ ಮುಖ ನೋಡಿಯೇ ನನಗೆ ಗೊತ್ತಾಯಿತು. ತನ್ನ ಅವ್ವ ಹೋದ ದಿನವೇ ಸುದ್ದಿ ಹೇಳಲು ತಾನೇ ಬಂದಿದ್ದಾನಲ್ಲ ಎಂದು ಅಕ್ಕನಿಗೆ ಪಾಪ ಅನ್ನಿಸಿರಬೇಕು. ಎದ್ದು ಹತ್ತಿರ ಹೋದಳು.

"ಕೇಳಿದೆ ಬಾವ. ಬರ್ಬೇಕು ಅಂತ ಇತ್ತು. ಕಡೇವರೆಗೂ ಅತ್ತೆ ಕೋಪ ಬಿಡ್ಲೇ ಇಲ್ವಾ?"

ಅವನಿಗೆ ಅರ್ಥವಾಗಲಿಲ್ಲ. "ಯಾವ ಅತ್ತೆ?"

"ಬೆಳಗ್ಗೆ ಫೋನ್ ಬಂತಲ್ಲ. ಅತ್ತೆ ಹೋದ್ಳು ಅಂತ."

ಮಯಿಲ್‌ಸಾಮಿ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಮಾವನ ಮುಖಕ್ಕೆ ಬಂದಾಗ ಅವನ ನೋಟ ನಿಂತಿತು. ಆಮೇಲೆ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೆತ್ತಗೆ ಹೇಳಿದ:

"ನಮ್ಮವ್ವ ಇದಾಳೆ ಪಳನಿ. ನೀ ಬರ್ಲಿಲ್ಲ ಅಂತ ನನ್ನ ಕಳಿಸಿದ್ದೇ ಅವಳು. ದಾರೀಲಿ ಬಸ್ ಕೆಟ್ಟು ಹೊತ್ತಾಗೋಯ್ತು. ಹೋಗಿದ್ದು ನಿಮ್ಮವ್ವ. ಈಗ ಎತ್ತಿರ್ತಾರೆ."

ಮಾವ ಗೋಡೆ ಹಿಡಿದು ಕುಳಿತುಬಿಟ್ಟರು. "ಆತ್ತಾ ಅಂದ. ಗೌಂಡ ಆತ್ತಾ ಅಂದ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ತಮಿಳಿನಲ್ಲಿ ತವರುವುದು ಎಂದರೆ ಸಾಯುವುದು, ನಮಗೆ ತವರು ಎಂದರೆ ಅವ್ವನ ಮನೆ. ಎರಡು ಭಾಷೆಯ ನಡುವೆ ಬದುಕುವವರಿಗೆ ಮಾತು ಹೀಗೂ ಮೋಸ ಮಾಡಬಹುದು ಎಂದು ನನಗೆ ಅಂದು ತಿಳಿಯಿತು. ಅಕ್ಕ ಚೀರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಳಗೆ ಹೋಗಿ ಒಲೆಯ ಮೇಲಿದ್ದ ಅನ್ನ ಇಳಿಸಿದಳು, ಸೌದೆ ಎಳೆದು ನೀರು ಚಿಮುಕಿಸಿದಳು. ಹಿಂದೆ ಹೋಗಿ ನಿಂತ ನನಗೆ, "ಇಷ್ಟೊತ್ತೂ ನಾ ನಗ್ತಿದ್ದೆ ಕಣ್ಣು" ಎಂದಳು.

ಬೆಳಗಿನ ಮೊದಲ ಬಸ್ಸಿಗೆ ಅಕ್ಕ, ಕುಪ್ಪುಸಾಮಿ, ನಾನು, ಮಯಿಲ್‌ಸಾಮಿ ಹೊರಟೆವು. ಉಡುಮಲೈಯ ಮನೆ ತೊಳೆದು ಖಾಲಿಯಾಗಿತ್ತು. ಅವ್ವನನ್ನು ಮಲಗಿಸಿದ್ದ ಜಾಗದಲ್ಲಿ ಒಂದು ದೀಪ. ಅಕ್ಕ ಅಲ್ಲಿ ಬಿದ್ದು, ಆ ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ ಮಲಗಿದಳು. ಎಬ್ಬಿಸಲು ಹೋದರೆ ಬಿಡಲಿಲ್ಲ.

ಹೊರಗೆ ಸಾವಿಗೆಂದು ಹಾಕಿದ ಪಂದಲಿನ ಕೆಳಗೆ ಆ ಹಗ್ಗದ ಮಂಚ ಇನ್ನೂ ಇತ್ತು. ಅತ್ತೆ ಮನೆಗೆ ಹೋಗಿರಲಿಲ್ಲ. "ಬಾ ಪುಳ್ಳೆ" ಎಂದು ಕರೆದು, ಎದ್ದು ಬಂದ ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡಳು. ಚರ್ಮ ಮೂಳೆ ಅಷ್ಟೇ ಉಳಿದ ಮುದುಕಿ.

"ನಿನ್ ಪಾಲಿನ ಅಕ್ಕೀನ ನಾನೇ ಹಾಕ್ದೆ, ನಿನ್ ಹೆಸರು ಹೇಳಿ. ಮುಖ ಚೆನ್ನಾಗೇ ಇತ್ತು, ಮಲ್ಕೊಂಡ ಹಾಗೆ. ಹದಿನೈದು ವರ್ಷ ಮಾತು ಬಿಟ್ಟು ಏನ್ ಸಂಪಾದಿಸಿದ್ವಿ ನಾವಿಬ್ರೂ? ಅವತ್ತು ನಾ ಏನೋ ಅಂದ್ಬಿಟ್ಟೆ. ಅದ್ನ ಮನಸಲ್ಲಿಟ್ಕೊಂಡು ನನ್ ಸಾವಿಗೆ ಬರ್ದೇ ಇದ್ಬಿಡ್ಬೇಡ. ಬರ್ತೀಯಲ್ವಾ?"

ಅಕ್ಕ ಆ ಎದೆಯಲ್ಲಿ ಮುಖ ಹುದುಗಿಸಿಕೊಂಡೇ, "ಬರ್ತೀನತ್ತೆ" ಎಂದಳು.

ಗುರುಸಾಮಿ ತಲೆ ಬೋಳಿಸಿಕೊಂಡು ತಿಣ್ಣೆಯ ಮೇಲೆ ಕುಳಿತಿದ್ದ. ಸುತ್ತ ನೆಂಟರು. ಅವನು ಅಲ್ಲಿಂದಲೇ ಕೇಳಿದ.

"ಬೆಳಗ್ಗೇನೇ ಫೋನ್ ಮಾಡ್ದೆ ಅಕ್ಕಾ. ಮಧ್ಯಾಹ್ನ ಮತ್ತೆ ಮಾಡ್ದೆ. ಸುದ್ದಿ ಹೇಳಾಯ್ತು ಅಂದ್ರು ಗೌಂಡ್ರು. ನಿಂಗೆ ತಲುಪಲಿಲ್ವಾ?"

"ತಲುಪ್ತು."

"ಹಂಗಾದ್ರೆ ಯಾಕೆ ಬರ್ಲಿಲ್ಲ?"

ಎಲ್ಲರೂ ಅಕ್ಕನ ಕಡೆ ನೋಡಿದರು. ಅತ್ತೆಯ ಕೈ ಇನ್ನೂ ಅವಳ ತಲೆಯ ಮೇಲಿತ್ತು. ಕುಪ್ಪುಸಾಮಿ, "ಅದು ಏನಾಯ್ತಂದ್ರೆ" ಎಂದ. "ನೀವು ಸುಮ್ನಿರಿ" ಎಂದಳು ಅಕ್ಕ. ನನಗೋ ಬಾಯಿ ತುಂಬ ಮಾತು. ನಾನು ಒಂದು ಹೆಜ್ಜೆ ಮುಂದೆ ಬಂದದ್ದೇ ತಡ, ಅವಳು ನನ್ನ ಮುಂಗೈ ಹಿಡಿದು ಉಗುರು ಊರಿದಳು. ಮಯಿಲ್‌ಸಾಮಿ ಪಂದಲಿನ ಕಂಬ ನೋಡುತ್ತಾ ನಿಂತಿದ್ದ.

"ಪಾವು ಬೀದೀಲಿತ್ತು" ಎಂದಳು.

ಗುರುಸಾಮಿಯೂ ಮಗ್ಗದವನೇ. "ಹತ್ತು ಗಂಟೆಗೆ ಪಾವು ಎದ್ದಿರ್ತದೆ. ಆಮೇಲೆ?"

ಅಕ್ಕನ ಉಗುರು ನನ್ನ ಮುಂಗೈಯಲ್ಲಿ ಇನ್ನೂ ಊರಿತ್ತು.

"ಬಾಗಿಲ ಕಡೆಗೆ ಮುಖ ಮಾಡಿ ಮಲಗಿಸಿದ್ವಿ ಅವ್ವನ್ನ" ಎಂದ ಅವನು. "ಹೋಗು. ಪಾವು ನೋಡ್ಕೋ ಹೋಗು. ನಿಂಗೂ ನಮಗೂ ಇನ್ನು ಹೋಗು-ಬರು ಬೇಡ."

ಬಸ್ಸಿನಲ್ಲಿ ನಾನು ಅವಳನ್ನು ಬೈದೆ. ಸುಳ್ಳು ಹೇಳುವುದಾದರೆ ಸರಿಯಾದ ಸುಳ್ಳಾದರೂ ಹೇಳಬಾರದಿತ್ತೇ ಎಂದೆ. ಅವಳು ಕಿಟಕಿಯಾಚೆಯ ತೆಂಗಿನ ತೋಟಗಳನ್ನು ನೋಡುತ್ತಿದ್ದವಳು, "ನಿಜ ಹೇಳಿದ್ರೆ ತಮ್ಮ ಉಳೀತಿದ್ದ. ಗೊತ್ತು ಕಣ್ಣು. ನನ್ ತಲೆ ಮೇಲೆ ಕೈಯಿಟ್ಕೊಂಡಿರೋಳಿಗೆ, ನೀ ಸತ್ತೆ ಅಂತ ಕೇಳಿದ್ರೂ ನಾ ಬರ್ಲಿಲ್ಲ ಅಂತ ಹೆಂಗ್ ಹೇಳ್ಲಿ?" ಎಂದಳು. ಆಮೇಲೆ ಪೊಳ್ಳಾಚಿಯವರೆಗೂ ಅತ್ತಳು. ಮಾವ ಅವಳಿಗೆ ಮುಖ ತೋರಿಸಲಾರದೆ ಎರಡು ದಿನ ಊಟಕ್ಕೆ ಬರಲಿಲ್ಲ. ಅವಳೇ ತಟ್ಟೆ ಒಯ್ದು ಮುಂದಿಟ್ಟು, ಅವರು ತಿನ್ನುವವರೆಗೂ ಎದುರಿಗೆ ಕುಳಿತಳು. ಅವರು ಮರುವರ್ಷ ತೀರಿಕೊಂಡರು. ಉಡುಮಲೈಯಿಂದ ಯಾರೂ ಬರಲಿಲ್ಲ.

ಅತ್ತೆ ಇನ್ನೂ ಮೂರು ವರ್ಷ ಮಂಚದ ಮೇಲೆ ಬದುಕಿದಳು. ಅವಳು ಹೋದ ಸುದ್ದಿ ಬಂದಾಗ ಅಕ್ಕ ಗೌಂಡರ ಅಂಗಡಿಗೆ ತಾನೇ ಓಡಿ, ಫೋನಿನಲ್ಲಿ ಮಯಿಲ್‌ಸಾಮಿಯ ಬಾಯಿಂದ ಹೆಸರು ಹೇಳಿಸಿಕೊಂಡು, ಉಟ್ಟ ಸೀರೆಯಲ್ಲೇ ಬಸ್ ಹತ್ತಿದಳು. ನಾನೂ ಜೊತೆಗೆ ಹೋದೆ. ಸಾವಿನ ಮನೆಯ ಗುಂಪಿನಲ್ಲಿ ಗುರುಸಾಮಿ ಇದ್ದ. ಅವಳನ್ನು ನೋಡಿ ಪಕ್ಕದವನಿಗೆ, ನಮಗೆ ಕೇಳುವ ಹಾಗೆಯೇ, "ಹೆತ್ತೋಳಿಗೆ ಬರ್ದೋಳು ಅತ್ತೆಗೆ ಓಡ್ಬಂದಿದಾಳೆ ನೋಡು" ಎಂದ.

ಈಗಲಾದರೂ ಹೇಳು, ಈಗ ನೋಯುವವರು ಯಾರೂ ಇಲ್ಲವಲ್ಲ ಎಂದು ನಾನು ಕಿವಿಯಲ್ಲಿ ಹೇಳಿದೆ. ಅತ್ತೆಯನ್ನು ಎತ್ತಿದ ಮೇಲೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಎರಡು ಬೀದಿ ನಡೆದು, ತಾನು ಹುಟ್ಟಿದ ಮನೆಯ ಬಾಗಿಲಲ್ಲಿ ನಿಂತಳು. ಮೆಟ್ಟಿಲು ಹತ್ತಲಿಲ್ಲ. ಕೆಳಗೆ ನಿಂತೇ ಎಲ್ಲವನ್ನೂ ಹೇಳಿದಳು. ಗೌಂಡರ ಮಾತು, ಮಾವನ ಕಿವಿ, ಆತ್ತಾ, ಅತ್ತೆ. ಮಧ್ಯಾಹ್ನ ನಕ್ಕದ್ದನ್ನೂ ಬಿಡಲಿಲ್ಲ. ಗುರುಸಾಮಿ ಕೊನೆಯವರೆಗೂ ಕೇಳಿದ.

"ಕೇಳ್ದೋರು ನಿಮ್ಮ ಮಾವ. ಅವ್ರಿಲ್ಲ. ನೊಂದ್ಕೊಳ್ತಿದ್ದೋಳು ಅತ್ತೆ. ಅವಳೂ ಇವತ್ತು ಹೋದ್ಳು" ಎಂದ. "ಸತ್ತೋರ್ ಮೇಲೆ ಹಾಕೋಕೆ ಮೂರು ವರ್ಷ ಕಾದ್ಯಾ ಅಕ್ಕಾ?"

"ಮಯಿಲ್‌ಸಾಮಿ ಬಾವನ್ನ ಕೇಳು."

"ಅವನು ನಿನ್ ಮಾತಿಗೆ ಯಾವತ್ತು ಇಲ್ಲ ಅಂದಿದಾನೆ?"

ನಾನು ಬಾಯಿ ತೆರೆದೆ. ನೀನು ಅವಳ ಮನೆಯವಳು, ನೀನು ಬೇರೆ ಏನು ಹೇಳುತ್ತೀಯ ಎಂಬಂತೆ ನೋಡಿ ಅವನು ಒಳಗೆ ಹೋದ. ಅವನ ಹೆಂಡತಿ ಒಂದು ಚೊಂಬು ನೀರು ತಂದು ತಿಣ್ಣೆಯ ಅಂಚಿನಲ್ಲಿಟ್ಟಳು, ದಾರಿಹೋಕರಿಗೆ ಇಡುವ ಹಾಗೆ. ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪೂರ್ತಿ ಕುಡಿದಳು. ಬೆಳಗ್ಗೆಯಿಂದ ಅವಳು ಏನೂ ಕುಡಿದಿರಲಿಲ್ಲ.